ಗಾರೆ ಮುಚ್ಚುವ ಮೊದಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಆ ಎರಡು ಕಾರ್ಯಗಳ ಖರ್ಚನ್ನೂ ತೊಡಕನ್ನೂ ನೆನೆದೇ ಹಾಗೆಂದಿರಬೇಕು. ಆದರೆ ಸ್ವಂತ ನಿವೇಶನದಲ್ಲಿ ಗುದ್ದಲಿ ಪೂಜೆ ಮಾಡಿಸಿ, ಕಂಟ್ರಾಕ್ಟರನ ಕೈಗೆ ಮೊದಲ ಕಂತನ್ನಿತ್ತ ಗೃಹಸ್ಥನು ಗಾದೆಯ ‘ನೋಡು’ ಎಂಬ ಮಾತನ್ನು ಅಕ್ಷರಶಃ ಪಾಲಿಸಿದರೆ ಅವನಿಗೆ ಲಾಭವುಂಟು. ಮದುವೆಯಲ್ಲಾದ ತಪ್ಪನ್ನು ಊಟಕ್ಕೆ ಕುಳಿತವರೇ ಎತ್ತಿ ಆಡುತ್ತಾರೆ. ಮನೆಯ ತಪ್ಪು ಹಾಗಲ್ಲ. ಕಂಬಿಯ ತಪ್ಪನ್ನು ಕಾಂಕ್ರೀಟು ಮುಚ್ಚುತ್ತದೆ. ಕಾಂಕ್ರೀಟಿನ ತಪ್ಪನ್ನು ಗಾರೆ ಮುಚ್ಚುತ್ತದೆ. ಗಾರೆಯ ತಪ್ಪನ್ನು ಬಣ್ಣ ಮುಚ್ಚುತ್ತದೆ. ಗೃಹಪ್ರವೇಶಕ್ಕೆ ಬಂದ ನೆಂಟರು ನೋಡುವುದು ಬಣ್ಣವನ್ನು ಮಾತ್ರ.

ತಪ್ಪಿನ ಬೆಲೆ ದಿನದಿಂದ ದಿನಕ್ಕೆ ಏರುತ್ತದೆ. ಕೋಣೆಯ ಮೂಲೆ ಸೊಟ್ಟಗಿದೆಯೆಂಬುದು ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ದಿನವೇ ತಿಳಿದರೆ, ಗೂಟ ಕಿತ್ತು ದಾರವನ್ನು ಸರಿಸಿದರಾಯಿತು. ತಳಪಾಯ ಮೇಲೆದ್ದ ಮೇಲೆ ತಿಳಿದರೆ ಕಲ್ಲು ಕೀಳಿಸಬೇಕು. ನೆಲಕ್ಕೆ ಟೈಲ್ಸ್ ಹಾಸುವಾಗ ತಿಳಿದರೆ, ಬಹುಮಟ್ಟಿಗೆ ಅದು ತಿಳಿಯುವುದೂ ಆಗಲೇ, ಗೋಡೆಯುದ್ದಕ್ಕೂ ಓರೆಯಾಗಿ ಕತ್ತರಿಸಿದ ಹಾಸನ್ನು ಬಾಳಿನುದ್ದಕ್ಕೂ ನೋಡುತ್ತಿರಬೇಕು. ಇದನ್ನು ಪರೀಕ್ಷಿಸಲು ಎಂಜಿನಿಯರೇ ಬೇಕೆಂದಿಲ್ಲ. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ಆ ಎರಡು ಗುರುತುಗಳ ನಡುವೆ ಅಳೆದರೆ ಸರಿಯಾಗಿ 5 ಅಡಿ ಬರಬೇಕು. ಪೈಥಾಗೊರಸನ ಪ್ರಮೇಯವನ್ನು ಉರುಹೊಡೆಯುತ್ತಿರುವ ಮಗನನ್ನೋ ಮಗಳನ್ನೋ ಆ ದಿನ ಜೊತೆಗೆ ಕರೆದೊಯ್ದರೆ ಅವರಿಗೂ ಪಾಠ ಮರೆಯುವುದಿಲ್ಲ.

ಎಲ್ಲ ತಪ್ಪಿಗೂ ಒಂದೇ ದನಿಯಲ್ಲಿ ಕೂಗಾಡುವುದು ಮಾತ್ರ ವಿವೇಕವಲ್ಲ. ದೀಪದ ಸ್ವಿಚ್ಚು ಬಾಗಿಲ ಹಿಂದೆ ಅಡಗಿಕೊಂಡಿತೆಂದು, ಅಡಿಗೆಯ ಕಟ್ಟೆ ಎರಡಂಗುಲ ಎತ್ತರವಾಯಿತೆಂದು ಮನೆ ಬೀಳುವುದಿಲ್ಲ. ಇಂಥವನ್ನು ತಡೆಯಲು ಸುಲಭೋಪಾಯವಿದೆ. ಗೋಡೆಯೆದ್ದು, ತಂತಿ ಎಳೆಯುವ ಮೊದಲು, ಆ ಮನೆಯಲ್ಲಿ ಅಡಿಗೆ ಮಾಡುವವರು ಸೀಮೆಸುಣ್ಣದ ತುಂಡು ಹಿಡಿದು ಕೋಣೆಯಿಂದ ಕೋಣೆಗೆ ಒಂದು ಗಂಟೆ ಓಡಾಡಿ, ಬೇಕಾದಲ್ಲೆಲ್ಲ ಇಟ್ಟಿಗೆಯ ಮೇಲೆಯೇ ಗುರುತು ಮಾಡಬೇಕು. ನಕ್ಷೆಯ ಹಾಳೆಯಲ್ಲಿ ಕಾಣದ ಅನೇಕ ಸಂಗತಿಗಳು ಆ ಒಂದು ಗಂಟೆಯಲ್ಲಿ ಕಾಣುತ್ತವೆ. ಹಟ ಹಿಡಿಯಬೇಕಾದುದು ಮನೆಯ ಎಲುಬುಗೂಡಿನ ವಿಷಯದಲ್ಲಿ, ಎಂದರೆ ತಳಪಾಯ, ಕಂಬ, ತೊಲೆ, ತಾರಸಿಗಳ ವಿಷಯದಲ್ಲಿ.

ತಾರಸಿಗೆ ಕಾಂಕ್ರೀಟು ಸುರಿಯುವ ದಿನವನ್ನು ಕೆಲಸಗಾರರು ‘ಮೋಲ್ಡ್’ ಎನ್ನುತ್ತಾರೆ. ಅಂದು ಯಜಮಾನನು ಕೆಲಸದವರಿಗೆಲ್ಲ ಊಟ, ಸಿಹಿ ಹಂಚುವ ಸಡಗರದಲ್ಲಿರುತ್ತಾನೆ. ಸಂತೋಷವೇ, ಆದರೆ ಅವನು ಮೇಲೆ ಹತ್ತಬೇಕಾದುದು ಅದರ ಹಿಂದಿನ ಸಂಜೆ, ಕಂಬಿ ಇನ್ನೂ ಕಣ್ಣಿಗೆ ಕಾಣುತ್ತಿರುವಾಗ. ಜೊತೆಯಲ್ಲಿ ಕಂಟ್ರಾಕ್ಟರನಿಂದ ಸಂಬಳ ಪಡೆಯದ ಒಬ್ಬ ಎಂಜಿನಿಯರು ಇರಬೇಕು. ಕಂಬಿಗಳು ಹಲಗೆಗೆ ತಾಗಿ ಮಲಗಿದ್ದರೆ ಅದು ತಪ್ಪು. ಅಡಿಯಲ್ಲಿ ಕವರ್ ಬ್ಲಾಕುಗಳನ್ನಿಟ್ಟು ಎತ್ತಿ ನಿಲ್ಲಿಸಿರಬೇಕು. ಭಾರತೀಯ ಮಾನಕ ಬ್ಯೂರೋದ 456ನೆಯ ಸಂಹಿತೆಯು 2000ದ ಆವೃತ್ತಿಯಲ್ಲಿ ಸಾಧಾರಣ ಹವೆಯ ತಾರಸಿಗೆ 20, ಕಂಬಕ್ಕೆ 40, ತಳಪಾಯಕ್ಕೆ 50 ಮಿಲಿಮೀಟರು ದಪ್ಪದ ಕಾಂಕ್ರೀಟಿನ ಹೊದಿಕೆಯನ್ನು ವಿಧಿಸಿತು. ಆ ಹೊದಿಕೆಯಿಲ್ಲದ ಕಂಬಿಗೆ ತೇವ ತಗಲಿ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಹಳೆಯ ಕಟ್ಟಡಗಳ ಸೂರಿನಿಂದ ಹಕ್ಕಳೆ ಉದುರಿ ಕೆಂಪು ಕಂಬಿ ಇಣುಕುವುದು ಬಹುವಾಗಿ ಇದರಿಂದಲೇ.

ಇದಕ್ಕಿಂತ ಭಯಂಕರವಾದ ತಪ್ಪು ಬಾಲ್ಕನಿಯದು. ಎರಡು ಗೋಡೆಗಳ ನಡುವಣ ತಾರಸಿ ಭಾರಕ್ಕೆ ಕೆಳಗೆ ಬಾಗುತ್ತದೆ, ಹಿಗ್ಗುವ ಎಳೆತ ಅದರ ಅಡಿಯ ಮೈಯಲ್ಲಿ. ಆದ್ದರಿಂದ ಮುಖ್ಯ ಕಂಬಿ ಅಡಿಯಲ್ಲಿರುತ್ತದೆ. ಒಂದೇ ಕಡೆ ಆಧಾರವಿಟ್ಟುಕೊಂಡು ಹೊರಗೆ ಚಾಚಿದ ಬಾಲ್ಕನಿಯಲ್ಲಾಗಲಿ ಕಿಟಕಿಯ ಮೇಲಣ ಸಜ್ಜಾದಲ್ಲಾಗಲಿ ಎಳೆತ ಬೀಳುವುದು ಮೇಲಿನ ಮೈಯಲ್ಲಿ. ಅಲ್ಲಿ ಮುಖ್ಯ ಕಂಬಿ ಮೇಲಿರಬೇಕು, ಒಳಗಿನ ತಾರಸಿಯೊಳಕ್ಕೆ ಸಾಕಷ್ಟು ದೂರ ಹೋಗಿ ಊರಿರಬೇಕು. ಅಭ್ಯಾಸಬಲದಿಂದ ಅದನ್ನೂ ಅಡಿಯಲ್ಲೇ ಕಟ್ಟುವ ಕೆಲಸಗಾರರುಂಟು. ಸರಿಯಾಗಿ ಕಟ್ಟಿದ್ದರೂ ಕಾಂಕ್ರೀಟು ಹೊತ್ತವರು ಅದರ ಮೇಲೆ ನಡೆದಾಡಿ ಕೆಳಕ್ಕೆ ತುಳಿದುಬಿಡುವುದುಂಟು. ಆಸರೆಯ ಕಂಬಗಳನ್ನು ತೆಗೆದ ದಿನ ಅಂಥ ಬಾಲ್ಕನಿ ಕಳಚಿ ಬೀಳಬಹುದು, ಅಥವಾ ಹಬ್ಬದ ದಿನ ಹತ್ತು ಜನ ಒಟ್ಟಿಗೆ ನಿಂತಾಗ ಬೀಳಬಹುದು. ತಪ್ಪು ಹಿಂದಿನ ಸಂಜೆ ಕಂಡರೆ ತಂತಿ ಬಿಚ್ಚಿ ಮತ್ತೆ ಕಟ್ಟಲು ಅರ್ಧ ದಿನ ಸಾಕು. ಸುರಿದಾದ ಮೇಲೆ ಉಳಿಯುವುದು ಒಡೆಯುವ ದಾರಿ, ಇಲ್ಲವೇ ಎಂಜಿನಿಯರು ಲೆಕ್ಕ ಹಾಕಿ ಕೆಳಗಿನಿಂದ ಕೊಡಿಸುವ ಆಸರೆ. ಮುಂದೂಡಿ ಸುಮ್ಮನಿರುವ ದಾರಿ ಇಲ್ಲವೇ ಇಲ್ಲ.

ನೀರಿನ ಕಥೆ ವಿಚಿತ್ರವಾದುದು. ಕಲಸುವಾಗ ಕಡಿಮೆಯಿರಬೇಕು, ಕಲಸಿ ಹಾಕಿದ ಮೇಲೆ ಧಾರಾಳವಾಗಿರಬೇಕು. ಅನೇಕ ಕಡೆ ನಡೆಯುವುದು ಇದಕ್ಕೆ ವಿರುದ್ಧ! ಮನೆಗಳಿಗೆ ಬಳಸುವ ಎಂ-20 ದರ್ಜೆಯ ಕಾಂಕ್ರೀಟಿನಲ್ಲಿ 50 ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿಗೆ, ಮರಳಿನ ತೇವವೂ ಸೇರಿದಂತೆ, 27-28 ಲೀಟರಿಗಿಂತ ಹೆಚ್ಚು ನೀರು ಸಲ್ಲದು. ಸಲೀಸಾಗಿ ಹರಿಯಲೆಂದು ಸುರಿಯುವ ಪ್ರತಿ ಬಕೆಟ್ಟೂ ತಾರಸಿಯ ಬಲವನ್ನು ಕಸಿಯುತ್ತದೆ. ಮರುದಿನದಿಂದಲಾದರೋ ಗದ್ದೆಯ ಪಾತಿಗಳಂತೆ ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ. ಸೆಂಟ್ರಿಂಗ್ ಬಾಡಿಗೆ ಏರುತ್ತದೆಂದು ಆಸರೆಗಳನ್ನು ಅವಸರದಲ್ಲಿ ಕೀಳುವುದೂ ಉಂಟು. ನಾಲ್ಕೂವರೆ ಮೀಟರಿನವರೆಗಿನ ತಾರಸಿಗೆ 7, ಆರು ಮೀಟರಿನವರೆಗಿನ ತೊಲೆಗೆ 14 ದಿನಗಳಾದರೂ ಅವು ನಿಂತಿರಬೇಕು, ಅದಕ್ಕೂ ಅಗಲವಾದರೆ ಇನ್ನೂ ಹೆಚ್ಚು.

ಹಲಗೆ ಬಿಚ್ಚಿದೊಡನೆ ಕಂಬದ ಬುಡದಲ್ಲಿ ಜೇನುಗೂಡಿನಂತೆ ತೂತುಗಳು ಕಂಡರೆ, ಆ ದಿನ ಯಾರೂ ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಸಿಮೆಂಟಿನ ತಿಳಿ ಬಳಿದು ರಾತ್ರೋರಾತ್ರಿ ಮುಖ ತೊಳೆಸಿಬಿಡುವ ಚಾತುರ್ಯ ಮೇಸ್ತ್ರಿಗಳಿಗೆ ಚೆನ್ನಾಗಿ ತಿಳಿದಿದೆ. ಸಡಿಲವಾದುದನ್ನು ಗಟ್ಟಿ ಭಾಗ ಸಿಗುವವರೆಗೆ ಕೆತ್ತಿ, ತೊಳೆದು, ಎಂಜಿನಿಯರು ಹೇಳಿದ ಗಟ್ಟಿ ಮಿಶ್ರಣದಿಂದ ತುಂಬಿಸಿದರೆ ಮಾತ್ರ ಅದು ದುರಸ್ತಿ. ಹಾಗೆಯೇ ಕೊಳಾಯಿಯವನು ಕೊಳವೆಗೆಂದು ತೊಲೆಯನ್ನು ಕೊರೆಯಲು ಹೊರಟರೆ ಅವನ ಉಳಿಯನ್ನು ಅಲ್ಲಿಯೇ ತಡೆಯಬೇಕು.

ತಪ್ಪನ್ನು ತೋರಿಸಿದಾಗ ಬರುವ ಉತ್ತರ ಎಲ್ಲ ಊರಿನಲ್ಲಿಯೂ ಒಂದೇ: ‘ಏನೂ ಆಗೋದಿಲ್ಲ ಸಾರ್, ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದ್ದೀವಿ.’ ಕೂಲಿಯವರೆದುರು ಮೇಸ್ತ್ರಿಯನ್ನು ಗದರಿದರೆ ಅವನ ಮಾನ ಹೋಗುತ್ತದೆ, ಕೆಲಸ ಸುಧಾರಿಸುವುದಿಲ್ಲ. ಅವನನ್ನು ಪಕ್ಕಕ್ಕೆ ಕರೆದು ತೋರಿಸಿ, ಕಂಟ್ರಾಕ್ಟರನಿಗೆ ಆ ಸಂಜೆಯೇ ಚಿತ್ರಸಹಿತ ಬರೆದು ತಿಳಿಸಿ, ಇಂಥದು ಸರಿಯಾಗುವವರೆಗೆ ಮುಂದಿನ ಹಂತ ಬೇಡವೆಂದು ಹೇಳುವುದು ಕ್ರಮ. ಆಡಿದ ಮಾತು ಗಾಳಿಗೆ ಹೋಗುತ್ತದೆ. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಕಂಟ್ರಾಕ್ಟರನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಎಷ್ಟೋ ಯಜಮಾನನ ಬಾಯಿಂದಲೇ ಹುಟ್ಟಿದವು. ಬೆಳಿಗ್ಗೆ ಬಂದ ಭಾವಮೈದುನ ‘ಈ ಗೋಡೆ ಒಂದಡಿ ಆಚೆಗಿದ್ದರೆ ಚೆನ್ನ’ ಎಂದ. ಮಧ್ಯಾಹ್ನ ವಾಸ್ತು ನೋಡಿದವರು ಮೆಟ್ಟಿಲನ್ನೇ ತಿರುಗಿಸಿದರು. ಮೇಸ್ತ್ರಿ ಮೂವರ ಮಾತನ್ನೂ ಅರೆಬರೆ ಕೇಳಿದ. ನಕ್ಷೆಯ ಬದಲಾವಣೆಯನ್ನು ಮನೆಯಲ್ಲಿ ಒಬ್ಬರೇ ಹೇಳಬೇಕು, ಅದೂ ಬರಹದಲ್ಲಿ.

ಕೈಯಲ್ಲಿರುವ ಹಣ ಮಾತಿಗಿಂತ ಬಲವಾದ ಸಾಧನ. ಕರಾರಿನಲ್ಲಿ ಕಂತುಗಳನ್ನು ತಿಂಗಳಿಗಲ್ಲ, ಮುಗಿದ ಹಂತಗಳಿಗೆ ಕಟ್ಟಬೇಕು; ಕೊನೆಯ ನೂರಕ್ಕೆ ಐದೋ ಹತ್ತೋ ಪಾಲನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಮೊದಲೇ ಬರೆದುಕೊಳ್ಳಬೇಕು. ವ್ಯಾಜ್ಯವೇ ಬಂದರೆ ದಾರಿಯಿಲ್ಲವೆಂದಲ್ಲ. 1993ರ ತಿದ್ದುಪಡಿಯಿಂದ ಗೃಹನಿರ್ಮಾಣವೂ ಗ್ರಾಹಕ ಕಾನೂನಿನ ‘ಸೇವೆ’ಯೊಳಗೆ ಸೇರಿತು, 2019ರ ಕಾಯಿದೆಯಲ್ಲಿಯೂ ಅದು ಉಳಿಯಿತು. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2016ರ ರೇರಾ ಕಾಯಿದೆ ಕೊಡುವ ಐದು ವರ್ಷದ ಹೊಣೆಗಾರಿಕೆ ಮಾತ್ರ ಮಾರಾಟಕ್ಕೆ ಕಟ್ಟುವವರಿಗೆ ಸಂಬಂಧಿಸಿದ್ದು. ತನ್ನ ನಿವೇಶನದಲ್ಲಿ ತಾನೇ ಕಟ್ಟಿಸುವವನು ಅದನ್ನು ನೆಚ್ಚಿ ಕೂರಬಾರದು. ಅವನಿಗೆ ರಕ್ಷೆ ಅವನ ಕರಾರುಪತ್ರವೇ.

ಬಚ್ಚಲಿಗೆ ಟೈಲ್ಸ್ ಕೂರಿಸುವ ಮುನ್ನ ಎರಡು ದಿನ ನೀರು ತುಂಬಿಸಿಟ್ಟು, ಕೆಳಗಿನ ಕೋಣೆಯ ಸೂರನ್ನು ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯದು. ಗಾರೆ ಬಳಿಯುವ ಹಿಂದಿನ ದಿನ, ತಂತಿ ಕೊಳವೆಗಳು ಹಾದುಹೋದ ಪ್ರತಿಯೊಂದು ಗೋಡೆಯ ಚಿತ್ರವನ್ನೂ ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ತೆಗೆದಿಡಬೇಕು. ಕಂಟ್ರಾಕ್ಟರನೊಡನೆ ಮಾತು ಬೆಳೆದರೆ ಅವು ಸಾಕ್ಷಿಯಾಗುತ್ತವೆ. ಬೆಳೆಯದಿದ್ದರೂ, ದೇವರ ಪಟಕ್ಕೆ ಮೊಳೆ ಹೊಡೆಯುವ ದಿನ ಹುಡುಕಬೇಕಾಗುವುದು ಅವನ್ನೇ.