ಗ್ರಾಮದ ಕಾಮಗಾರಿಗಳನ್ನು ಗುಂಪುಗೂಡಿಸುವ ಕ್ರಮ

ಗ್ರಾಮ ಪಂಚಾಯಿತಿಗಳ ಯೋಜನೆಯನ್ನೂ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಬರೆಯತಕ್ಕ ಇ-ಗ್ರಾಮಸ್ವರಾಜ್ ಎಂಬ ವ್ಯವಸ್ಥೆಯು 2020ನೆಯ ಇಸವಿ ಏಪ್ರಿಲ್ 24ರಂದು ಆರಂಭವಾಯಿತು. ಇದರಿಂದ ಕಾಮಗಾರಿಗಳ ಪಟ್ಟಿಯನ್ನು ತಯಾರಿಸುವುದು ಸುಲಭವಾಯಿತು. ಪಟ್ಟಿಯನ್ನು ನೋಡಿ ಊರಿನ ಸ್ಥಿತಿಯನ್ನು ತಿಳಿಯುವುದು ಮಾತ್ರ ಅಷ್ಟು ಸುಲಭವಲ್ಲ. ಬದು, ತಡೆಅಣೆ, ಕೆರೆಯ ಹೂಳು, ತೋಟದ ದಾರಿ, ಇವೆಲ್ಲವೂ ಒಂದರ ಕೆಳಗೊಂದು ನಿಂತಿದ್ದರೆ ಯಾವುದು ಯಾವುದಕ್ಕೆ ಸಂಬಂಧಪಟ್ಟುದೆಂದು ಯಾರಿಗೂ ಹೊಳೆಯದು. ಆದುದರಿಂದ ಅವನ್ನು ಗುಂಪುಗೂಡಿಸುವ ಕ್ರಮವನ್ನು ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ಅವಗಾಹನೆಗೆ ತರಲಾಗಿದೆ.

ಸಾಮಾನ್ಯವಾಗಿ ಹಣ ಬರುವ ಬಾಬನ್ನು ನೋಡಿ, ಇಲ್ಲವೆ ಕೆಲಸದ ಬಗೆಯನ್ನು ನೋಡಿ ಗುಂಪು ಮಾಡುವ ರೂಢಿಯುಂಟು. ಇದು ಗುಮಾಸ್ತರಿಗೆ ಅನುಕೂಲವೇ ಹೊರತು ಭೂಮಿಗಲ್ಲ. ಹಂದನಕೆರೆ ಹೋಬಳಿಯ ಒಂದು ಹಳ್ಳವನ್ನು ಭಾವಿಸಿಕೊಳ್ಳಿರಿ. ಮೇಲೆ ಕುರುಚಲು ಗುಡ್ಡ, ಅದರ ಇಳಿಜಾರಿನಲ್ಲಿ ರಾಗಿಯ ಹೊಲ, ತಗ್ಗಿನಲ್ಲಿ ತೆಂಗಿನ ತೋಟ, ಕಡೆಗೆ ಕೆರೆ. ಬದುಗಳು ಒಂದು ಗುಂಪು, ಕೆರೆಗಳು ಇನ್ನೊಂದು ಗುಂಪು ಎಂದು ಬರೆದಲ್ಲಿ, ಈ ವರ್ಷ ಕೆರೆಯ ಹೂಳು ತೆಗೆದು, ಮೇಲಣ ಹೊಲಗಳಿಗೆ ಮೂರು ವರ್ಷದ ಮೇಲೆ ಬದು ಹಾಕುವ ಸಂಭವವುಂಟು. ಅಷ್ಟರಲ್ಲಿ ಹೊಲದ ಮಣ್ಣು ಕೊಚ್ಚಿಬಂದು ಕೆರೆ ಪುನಃ ತುಂಬುವುದು. ಖರ್ಚು ವ್ಯರ್ಥ, ತೋಟದ ಬಾವಿಗೆ ನೀರೂ ಇಲ್ಲ. ಒಂದು ಹಳ್ಳಕ್ಕೆ ಒಂದೇ ಗುಂಪು ಮಾಡಿ, ಗುಡ್ಡದ ಕೆಲಸವನ್ನು ಮೊದಲು, ಕೆರೆಯ ಕೆಲಸವನ್ನು ಕಡೆಗೆ ಬರೆದರೆ ಈ ದೋಷವು ಪಟ್ಟಿಯಲ್ಲಿಯೇ ಕಣ್ಣಿಗೆ ಬೀಳುವುದು. ನಮ್ಮ ಪ್ರಾಂತದಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದರಿಂದ ಬದುಗಳು ಬೇಸಿಗೆಯಲ್ಲಿಯೇ ಮುಗಿಯತಕ್ಕದ್ದು.

ಇದು ಹೊಸ ವಿಚಾರವಲ್ಲ. 2001ರಿಂದ ತುಮಕೂರು ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಯೋಜನೆಯಲ್ಲಿಯೂ ಸರ್ವೆ ನಂಬರನ್ನಾಗಲಿ ಹಣದ ಬಾಬನ್ನಾಗಲಿ ಹಿಡಿಯದೆ ಕಿರುಜಲಾನಯನವನ್ನೇ ಘಟಕವಾಗಿ ಹಿಡಿಯಲಾಗಿತ್ತು.

ಹಾಗಾದರೆ ಹಣದ ಬಾಬನ್ನು ಬರೆಯುವುದೆಲ್ಲಿ? ಅದನ್ನು ಪ್ರತಿ ಕಾಮಗಾರಿಯ ಮುಂದೆ ಗುರುತಾಗಿ ಬರೆಯಬೇಕು. ಗುರುತುಗಳು ಒಂದಕ್ಕೆ ಎರಡು ಮೂರು ಇರಬಹುದು. ಗುಂಪು ಮಾತ್ರ ಒಂದೇ. ಒಂದೇ ತಡೆಅಣೆಯನ್ನು ಎರಡು ಗುಂಪುಗಳಲ್ಲಿ ಸೇರಿಸಿದರೆ ಮೊಬಲಗು ಎರಡು ಬಾರಿ ಎಣಿಕೆಯಾಗುವುದು. ಪಂಚಾಯಿತಿಗಳಿಗೆ ಗೊತ್ತುಪಡಿಸಿರುವ ಒಂಬತ್ತು ವಿಷಯಗಳು (ಜಲಸಮೃದ್ಧಿ, ಆರೋಗ್ಯ ಮುಂತಾದುವು) ವರದಿಗೆ ಅವಶ್ಯವಾದುದರಿಂದ ಅವನ್ನೂ ಗುರುತಾಗಿ ಉಳಿಸಿಕೊಳ್ಳತಕ್ಕದ್ದು. ಹಳ್ಳವಾರು ಪಟ್ಟಿಯನ್ನು ಪಂಚಾಯಿತಿಯು ಪ್ರತ್ಯೇಕವಾಗಿ ಇಟ್ಟುಕೊಂಡು, ಕಾಮಗಾರಿಯ ಸಂಖ್ಯೆಯನ್ನು ಎರಡೂ ಕಡೆ ಒಂದೇ ಆಗಿ ಬರೆದರೆ ತಾಳೆ ನೋಡುವುದು ಕಷ್ಟವಲ್ಲ.

ನೀರಿಗೆ ಸಂಬಂಧಪಡದ ಕೆಲಸಗಳಿಗೆ ಬೇರೆ ಕ್ರಮ ಬೇಕು. ತೆಂಗಿನ ಕಪ್ಪುತಲೆ ಹುಳುವಿನ ಪತಂಗವು ಬೇಲಿಯನ್ನು ಲೆಕ್ಕಿಸದೆ ಹಾರುವುದು. ಒಬ್ಬನು ತನ್ನ ತೋಟದಲ್ಲಿ ಗೋನಿಯೋಜಸ್ ಎಂಬ ಪರತಂತ್ರ ಜೀವಿಯನ್ನು ಬಿಟ್ಟು ನೆರೆಯವನು ಸುಮ್ಮನಿದ್ದರೆ ಹುಳು ಅಲ್ಲಿಂದ ಮರಳಿ ಬರುವುದು. ಇಲ್ಲಿ ಒತ್ತಾಗಿರುವ ತೋಟಗಳ ಇಡೀ ಬಯಲೇ ಒಂದು ಗುಂಪು. ಊರ ರಸ್ತೆ, ಶಾಲೆಯ ಕಟ್ಟಡ ಮೊದಲಾದುವಕ್ಕೆ ಇನ್ನೊಂದು ಗುಂಪು ಸಾಕು.

“ಇತರೆ” ಎಂಬ ಗುಂಪನ್ನು ಮಾತ್ರ ತೆರೆಯದಿರುವುದು ಲೇಸು. ಅದು ತಿಪ್ಪೆಯಂತೆ ದಿನೇದಿನೇ ಬೆಳೆಯುವುದು. ತಿಪ್ಪೆಯಿಂದಾದರೂ ಹೊಲಕ್ಕೆ ಗೊಬ್ಬರವುಂಟು.

ಮುಗಿದ ಕಾಮಗಾರಿಗಳನ್ನು ಪಟ್ಟಿಯಿಂದ ಅಳಿಸಬಾರದು. ಮುಗಿದ ವರ್ಷವನ್ನು ನಮೂದಿಸಿ ಅದೇ ಗುಂಪಿನಲ್ಲಿಯೇ ಉಳಿಸಬೇಕು. ಐದಾರು ವರ್ಷದ ಮೇಲೆ ಬದು ಒಡೆದಾಗ, ಅದರ ಕೆಳಗೆ ಯಾರ ತೋಟ, ಯಾವ ಕೆರೆಯ ಕಾಲುವೆ ಇದೆಯೆಂಬುದನ್ನು ಹೊಸದಾಗಿ ಬಂದ ಅಧ್ಯಕ್ಷರು ಆ ಪಟ್ಟಿಯಿಂದಲೇ ತಿಳಿಯಬಹುದು.