ಬೆಂದ ಕಾಡಿಗೆ ನೆಡುತೋಪಿನ ಸೇವೆ

ಮಾಘಮಾಸ ಕಳೆಯುವ ಹೊತ್ತಿಗೆ ತರೀಕೆರೆ ಸೀಮೆಯ ಕಲ್ಲತ್ತಗಿರಿ, ಲಕ್ಕವಳ್ಳಿಗಳ ಸುತ್ತಣ ಕಾಡುಗಳಲ್ಲಿ ಮರಗಳು ಎಲೆಯುದುರಿಸಿ ಬರಿಗೊಂಬೆಯಾಗಿ ನಿಲ್ಲುತ್ತವೆ. ನೆಲದ ಮೇಲೆ ತರಗು, ಅದರ ನಡುವೆ ಒಣಗಿದ ಹುಲ್ಲು, ಎಲ್ಲೆಡೆ ಹಬ್ಬಿದ ಲಂಟಾನದ ಪೊದೆ. ಆರದ ಒಂದು ಬೀಡಿಯ ತುಂಡಿಗೆ ಇಷ್ಟು ಸಾಕು. ಬೆಂಕಿಯಾರಿದ ಮೇಲೆ ಕರಿಕಾದ ಗುಡ್ಡವನ್ನು ಕಂಡು ಮರುಗಿದ ತರುಣರು ಸಸಿ, ಗುದ್ದಲಿಗಳೊಡನೆ ಶ್ರಮದಾನಕ್ಕೆ ಹೊರಡುವುದು ಸಹಜವೇ ಆಗಿದೆ. ಆದರೆ ಅಲ್ಲಿ ಮೊದಲು ಮಾಡಬೇಕಾದ ಕೆಲಸ ಗುಂಡಿ ತೋಡುವುದಲ್ಲ, ಕಾಯುವುದು.

ಸಂಸ್ಕೃತದಲ್ಲಿ ಧವವೆನಿಸಿಕೊಂಡ ದಿಂಡಿಗ, ಮತ್ತಿ, ಊಟದೆಲೆಯನ್ನೀಯುವ ಮುತ್ತುಗ ಇವುಗಳ ಕಾಂಡ ಸುಟ್ಟರೂ ಬೇರು ಸಾಯುವುದು ಅಪರೂಪ. ಮುಂಗಾರಿನ ಎರಡು ಹದಮಳೆ ಬಿದ್ದರೆ ಬುಡದಿಂದ ಚಿಗುರು ಹೊಮ್ಮುತ್ತದೆ. ಅದನ್ನು ನೋಡದೆ ಅಗೆದವನು ಬದುಕಿದ್ದ ಬೇರನ್ನು ಕತ್ತರಿಸಿ ಬದುಕುವುದೋ ಇಲ್ಲವೋ ತಿಳಿಯದ ಸಸಿಯನ್ನು ಇಡುತ್ತಾನೆ. ಒಂದು ಬುಡದ ಹಲವು ಚಿಗುರುಗಳಲ್ಲಿ ಬಲವಾದ ಒಂದೆರಡನ್ನು ಉಳಿಸುವುದು, ಬೆಂಕಿಯ ಬಳಿಕ ಎಲ್ಲಕ್ಕಿಂತ ಬೇಗ ಮೇಲೇಳುವ ಲಂಟಾನವನ್ನು ಬೇರುಸಹಿತ ಕೀಳುವುದು, ಇವೂ ವನಸೇವೆಯೇ. ಇದರಲ್ಲಿ ಭಾವಚಿತ್ರಕ್ಕೆ ನಿಲ್ಲುವ ಸಂಭ್ರಮ ಕಡಿಮೆ ಎಂಬುದು ಬೇರೆ ಮಾತು.

ವರ್ಷವರ್ಷವೂ ಬೆಂದು ಬೇರೂ ಸತ್ತ ನೆಲದಲ್ಲಿ ಮಾತ್ರ ನೆಡುವಿಕೆ ಅಗತ್ಯ. ಬೀಜ ಆ ಕಾಡಿನದೇ ಆಗಿರಬೇಕು. ರೆಕ್ಕೆಯಂಚಿನ ದುಂಡುಗಾಯಿಯ ಹೊನ್ನೆ, ನೆಲ್ಲಿ, ಗಟ್ಟಿ ಓಟೆಯ ತಾರೆ ಇವುಗಳ ಬೀಜವನ್ನು ಬೇಸಗೆಗೆ ಮುನ್ನವೇ ಆಯ್ದು, ತಾರೆಯಂಥವನ್ನು ನೀರಿನಲ್ಲಿ ನೆನೆಸಿ, ಮಡಿಯಲ್ಲಿ ಬೆಳೆಸಿಕೊಳ್ಳಬೇಕು. ಭದ್ರೆಯ ಕಡೆ ನಂದಿ, ಮತ್ತಿ, ಬೀಟೆ ಸಲ್ಲುತ್ತವೆ. ಮಳೆ ಕಡಿಮೆಯಿರುವ ಕಡೂರಿನ ಗುಡ್ಡಗಳಿಗೆ ದಿಂಡಿಗ, ಕಗ್ಗಲಿ, ಬೇವು. ನೀಲಗಿರಿ, ಅಕೇಶಿಯಗಳು ಬೇಗ ಹಸಿರಾಗುತ್ತವೆ, ಹಸಿರಾದುದೆಲ್ಲ ಕಾಡಲ್ಲ.

ಮರವನ್ನೇ ನೆಡಬಾರದ ನೆಲವೂ ಈ ಸೀಮೆಯಲ್ಲುಂಟು. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿದೆ. ಆ ದನಗಳಿಗೆಂದು ಮೈಸೂರರಸರ ಕಾಲದಿಂದ ಬಿಟ್ಟ ಕಾವಲುಗಳು ಹುಲ್ಲುಗಾವಲುಗಳು. ಅಂಥದೇ ಆದ ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಲ್ಲಿಯ ಕೃಷ್ಣಮೃಗಕ್ಕೆ ಬಯಲೇ ಬೇಕು. ಬಾಬಾಬುಡನ್ ಗಿರಿಶ್ರೇಣಿಯ ನೆತ್ತಿಯ ಹುಲ್ಲೂ ಹೀಗೆಯೇ. ಕಣಿವೆಯ ಶೋಲೆಗೆ ಬೆಂಕಿ ತಗುಲಿದರೆ ನಷ್ಟ ದೊಡ್ಡದು, ಆದರೆ ಸುಟ್ಟ ಹುಲ್ಲು ಮಳೆಗೆ ತಾನೇ ಚಿಗುರುತ್ತದೆ. ಅದನ್ನು ಹಾಳುಬಿದ್ದ ಕಾಡೆಂದು ಬಗೆದು ಸಸಿ ತುಂಬುವುದು ಕೆರೆಯನ್ನು ತಗ್ಗೆಂದು ಮುಚ್ಚಿದಂತೆ.

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನಲ್ಲಿ ನೆಡುವಂತಿಲ್ಲ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದಲ್ಲಂತೂ ಪ್ರವೇಶಕ್ಕೇ ಅಪ್ಪಣೆ ಬೇಕು. ಅಪ್ಪಣೆ ದೊರೆತು, ಮಳೆ ಹಿಡಿದು, ಸಸಿ ಬೇರೂರಿದ ಬಳಿಕವೇ ನಿಜವಾದ ಕಷ್ಟ ತಲೆದೋರುವುದು. ಸಸಿಯ ಸುತ್ತ ಮಳೆಗಾಲದಲ್ಲಿ ಬೆಳೆದ ಹುಲ್ಲೇ ಮುಂದಿನ ಬೇಸಗೆಯ ಸೌದೆ. ಆದುದರಿಂದ ಆಷಾಢದಲ್ಲಿ ನೆಟ್ಟವರು ಪುಷ್ಯದಲ್ಲಿ ಕುಡುಗೋಲು ಹಿಡಿದು ಮತ್ತೆ ಗುಡ್ಡವೇರಬೇಕು; ಪ್ರತಿಯೊಂದು ಸಸಿಯ ಸುತ್ತಲೂ ಒಂದು ಮಾರು ಹುಲ್ಲು ಹೆರೆದು, ತರಗನ್ನು ದೂರ ಸರಿಸಿ ಬರಬೇಕು. ಮರುವರ್ಷವೂ, ಅದರ ಮರುವರ್ಷವೂ.