ಹೆಸರು ಹೋದರೂ ಉಳಿದ ಮನೆ

ಸಿಗಂದೂರು ಸೀಮೆಯ ನಮಗೆ ಮುಳುಗಡೆಯೆಂಬ ಮಾತು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ನಿಂತಾಗ ಅನೇಕ ಊರುಗಳ ಮನೆಗಳು ನೀರುಪಾಲಾದವು. ಹೆಸರುಗಳು ಮಾತ್ರ ಹಿರಿಯರ ಬಾಯಲ್ಲಿ ಉಳಿದವು. ಇದಕ್ಕೆ ಪ್ರತಿಯಾದ ನಿದರ್ಶನವೊಂದು ಘಟ್ಟದ ಕೆಳಗೆ ಉಡುಪಿಯಲ್ಲಿದೆ. ಅಲ್ಲಿ ಹೆಸರು ಮುಳುಗಿ ಮನೆ ಉಳಿದಿದೆ. ಅದು ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರ ಮನೆ.

ಸ್ವದೇಶಿ ಚಳವಳಿಯು ದೇಶವನ್ನೆಲ್ಲ ಆವರಿಸುತ್ತಿದ್ದ ಕಾಲವದು. 1906ನೆಯ ಮಾರ್ಚ್ 12ರಂದು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಕೆಲವು ಗಣ್ಯರೊಡಗೂಡಿ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೂಲ ಬಂಡವಾಳ 5000 ರೂಪಾಯಿ. ಜಾತಿಮತಗಳ ಭೇದವಿಲ್ಲದೆ ಸರ್ವರಲ್ಲಿಯೂ ಮಿತವ್ಯಯವನ್ನೂ ಸಹಕಾರವನ್ನೂ ಬೆಳೆಸುವುದು ಅವರ ಉದ್ದೇಶ. ಮೊದಲ ದಿನದ ಕೊನೆಗೆ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇಂದಿನ ಲೆಕ್ಕದಲ್ಲಿ ಸುಮಾರು 38 ರೂಪಾಯಿ 82 ಪೈಸೆ.

ಈ ಅಲ್ಪ ಮೊತ್ತದ ಹಿಂದಿನ ಧೈರ್ಯವನ್ನು ನಾವು ಗಮನಿಸಬೇಕು. ಆಗ ರಿಸರ್ವ್ ಬ್ಯಾಂಕು ಇರಲಿಲ್ಲ. ಅದು ಹುಟ್ಟಿದ್ದು 1935ರಲ್ಲಿ. ಠೇವಣಿಗೆ ವಿಮೆ ದೊರೆತದ್ದು 1962ರಲ್ಲಿ. ಹಾಗಾದರೆ ಹಣವಿಟ್ಟವರಿಗೆ ಭರವಸೆ ಏನು? ಸ್ಥಾಪಕರ ನಡತೆ, ಊರೆಲ್ಲ ಕಂಡ ಅವರ ಮನೆ. ಈ ಕಟ್ಟಡದ ನಿಜವಾದ ಬೆಲೆ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ನೆರೆಹೊರೆಯವರ ನಂಬಿಕೆಯೇ ಬಂಡವಾಳವಾಗಿದ್ದ ಒಂದು ಕಾಲಕ್ಕೆ ಅದು ಸಾಕ್ಷಿ.

ಸಂಸ್ಥೆಯು 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಪಡೆಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ, ಉಡುಪಿಯಲ್ಲಿಯೇ ಹುಟ್ಟಿದ್ದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ಶಾಖೆಗಳ ನಾಮಫಲಕಗಳು ಬದಲಾದವು. ಆದರೆ ವಿಲೀನಕ್ಕೆ ಮೊದಲೇ ಹಾಜಿ ಅಬ್ದುಲ್ಲಾರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಮಾಡಿ, ಬ್ಯಾಂಕಿನ ಹಳೆಯ ವಸ್ತುಗಳನ್ನೂ ಪ್ರಾಚೀನ ನಾಣ್ಯಗಳನ್ನೂ ಅಲ್ಲಿರಿಸಿದ್ದರಿಂದ, ಹೆಸರು ಹೋದ ಮೇಲೂ ಕಥೆ ಹೇಳುವುದಕ್ಕೆ ಒಂದು ಸ್ಥಳ ಉಳಿಯಿತು.

ಚರಿತ್ರೆಯೆಂದೊಡನೆ ನಾವು ಇಕ್ಕೇರಿ, ಕೆಳದಿಗಳ ದೇವಾಲಯಗಳನ್ನೇ ನೆನೆಯುತ್ತೇವೆ. ಅದು ಸಹಜ. ಆದರೆ ನಮ್ಮ ತಾತಂದಿರು ಅಡಿಕೆ ಮಾರಿ ಪಟ್ಟಿ ಬರೆಯಿಸಿದ ಹಳೆಯ ಮಂಡಿ, ಸಾಲ ಪಡೆದ ಸೊಸೈಟಿಯ ಹೆಂಚಿನ ಕಟ್ಟಡ, ಇವೂ ಚರಿತ್ರೆಯೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಅಂಥವು ಎಷ್ಟಿವೆಯೆಂದು ನಮ್ಮ ಇತಿಹಾಸ ಸಂಘವು ಒಂದು ರಜೆಯಲ್ಲಿ ತಿರುಗಿ ಪಟ್ಟಿ ಮಾಡಬಾರದೇಕೆ? ಮುಳುಗಿದ ಊರುಗಳ ಪಟ್ಟಿಯನ್ನು ಮಾಡಲು ನಾವು ತಡಮಾಡಿದ್ದೇವೆ. ಇನ್ನೂ ನಿಂತಿರುವುದರ ಲೆಕ್ಕಕ್ಕಾದರೂ ತಡವಾಗದಿರಲಿ.